ರಬ್ಬರ್ ಬಂಪರಿನ ಎಂಜಿಬಿ: ಹಿಂದಿನ ಮಾಲೀಕರು ಬದಲಿಸಿದ್ದನ್ನು ಮತ್ತೆ ಮೂಲಕ್ಕೆ ತರಬೇಕೆ?

ಹಾಸನ_ಕೊವೆಂಟ್ರಿ:

ಎಲ್ಲರಿಗೂ ನಮಸ್ಕಾರ. ನನ್ನ ಊರು ಹಾಸನದ ಕಡೆ. ಇಪ್ಪತ್ತೆರಡು ವರ್ಷಗಳಿಂದ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿದ್ದೇನೆ. ಕಳೆದ ಚಳಿಗಾಲದಲ್ಲಿ, ಮನೆಯಾಕೆಯ ಮೌನವನ್ನು ಸಮ್ಮತಿಯೆಂದು ನನಗೆ ಅನುಕೂಲವಾಗುವಂತೆ ಅರ್ಥಮಾಡಿಕೊಂಡು, 1977ರ ಎಂಜಿಬಿ ರೋಡ್‌ಸ್ಟರ್ ಒಂದನ್ನು, ಅಂದರೆ ಛಾವಣಿಯಿಲ್ಲದ ಬ್ರಿಟಿಷ್ ಸ್ಪೋರ್ಟ್ಸ್ ಕಾರೊಂದನ್ನು, ಕೊಂಡೆ. ಕೆಂಪು ಬಣ್ಣ, ಹಿಂದೆ ಮುಂದೆ ಹೊಳೆಯುವ ಕ್ರೋಮ್ ಬಂಪರು, ಮಿನಿಲೈಟ್ ಮಾದರಿಯ ಚಕ್ರಗಳು, ಚರ್ಮದ ಸೀಟುಗಳು. ನೋಡಲು ಬಹಳ ಚೆನ್ನಾಗಿದೆ. ಆದರೆ 1977ರ ಎಂಜಿಬಿಗೆ ಕ್ರೋಮ್ ಬಂಪರು ಬಂದದ್ದಾದರೂ ಎಲ್ಲಿಂದ ಎಂದು ಈ ಕಾರನ್ನು ಬಲ್ಲವರು ಕೂಡಲೇ ಕೇಳುತ್ತಾರೆ, ಏಕೆಂದರೆ 1974ರ ಕೊನೆಯಿಂದ 1980ರಲ್ಲಿ ತಯಾರಿಕೆ ನಿಲ್ಲುವವರೆಗೆ ಅಬಿಂಗ್ಡನ್ ಕಾರ್ಖಾನೆಯಿಂದ ಹೊರಬಂದ ಎಂಜಿಬಿಗಳಿಗೆಲ್ಲ ಇದ್ದದ್ದು ಕಪ್ಪು ಬಣ್ಣದ, ಒಳಗೆ ಉಕ್ಕಿನ ಪಟ್ಟಿಯುಳ್ಳ, ಪಾಲಿಯುರೆಥೇನಿನ ದಪ್ಪ ಬಂಪರು. ಅದನ್ನೇ ಎಲ್ಲರೂ ರಬ್ಬರ್ ಬಂಪರು ಎನ್ನುತ್ತಾರೆ.

ಕಾರಿನ ಜೊತೆ ಬಂದ ರಸೀದಿಗಳ ಫೈಲಿನಲ್ಲಿ ಉತ್ತರ ಸಿಕ್ಕಿತು. ಆಗಿನ ಮಾಲೀಕರೊಬ್ಬರು 1988ರಲ್ಲಿ ಮುಂದಿನ ರೆಕ್ಕೆಗಳನ್ನು, ಅಂದರೆ ಚಕ್ರಗಳ ಮೇಲಿನ ತಗಡುಗಳನ್ನು, ಬದಲಿಸಿ, ಹಿಂದಿನ ಮೂಲೆಗಳನ್ನು ಕತ್ತರಿಸಿ ಬೆಸೆದು, ಹಳೆಯ ಮಾದರಿಯ ಬಂಪರು ಮತ್ತು ಗ್ರಿಲ್ ಕೂರಿಸಿದ್ದಾರೆ. ಎರಡು ಎಸ್‌ಯು ಕಂಪನಿಯ ಕಾರ್ಬ್ಯುರೇಟರುಗಳ ಜಾಗದಲ್ಲಿ ಒಂದು ವೆಬರ್ 45 ಕಾರ್ಬ್ಯುರೇಟರ್ ಕುಳಿತಿದೆ. ಹಿಂದಿನ ಆಕ್ಸಲ್ ಮತ್ತು ಪಟ್ಟಿ ಸ್ಪ್ರಿಂಗಿನ ನಡುವೆ ಅಲ್ಯೂಮಿನಿಯಂ ತುಂಡುಗಳನ್ನಿಟ್ಟು ಕಾರನ್ನು ತಗ್ಗಿಸಲಾಗಿದೆ. ಫೈಲಿನ ಪ್ರಕಾರ ಮೂಲ ಬಣ್ಣ ಟಹೀಟಿ ಬ್ಲೂ.

ಎಲ್ಲವನ್ನೂ ಬಿಚ್ಚಿ 1977ರಲ್ಲಿ ಇದ್ದಂತೆಯೇ ಮಾಡಬೇಕೆಂಬ ಹಂಬಲ ನನ್ನದು. ಇಲ್ಲಿನ ಪರಿಚಿತರೊಬ್ಬರು ಇದನ್ನು ಕೇಳಿ, ಜನರು ದುಡ್ಡು ಕೊಟ್ಟು ಕಿತ್ತೊಗೆಯುವ ಬಂಪರನ್ನು ದುಡ್ಡು ಕೊಟ್ಟು ಹಾಕಿಸಿಕೊಳ್ಳುತ್ತೀರಾ ಎಂದು ನಕ್ಕರು. ಅನುಭವಸ್ಥರ ಅಭಿಪ್ರಾಯ ಬೇಕು.

ಪೀಣ್ಯ_ಲೇತ್:

ಹಾಸನದವರಿಗೆ ಅಭಿನಂದನೆ. ನಾನು ಮೂವತ್ತು ವರ್ಷ ಟೂಲ್‌ರೂಮಿನಲ್ಲಿ ದುಡಿದು ಈಗ ಹಳೆಯ ಗಾಡಿಗಳ ಕೆಲಸವನ್ನು ಸಂತೋಷಕ್ಕಾಗಿ ಮಾಡುವವನು. ಬೆಂಗಳೂರಿನಲ್ಲಿ ಎರಡು ಎಂಜಿಬಿಗಳ ಮೇಲೆ ಕೈಯಾಡಿಸಿದ್ದೇನೆ, ಆದ್ದರಿಂದ ಸ್ವಲ್ಪ ಅಧಿಕಾರದಿಂದಲೇ ಕೇಳುತ್ತೇನೆ: ತಾವು ಹೇಳುವ ಮೂಲ ಯಾವ ದಿನದ್ದು?

1962ರಲ್ಲಿ ಬಂದ ಎಂಜಿಬಿಯ ಕ್ರ್ಯಾಂಕಿಗೆ ಮೂರೇ ಬೇರಿಂಗು, 1964ರಲ್ಲಿ ಐದಾಯಿತು. 1967ರಲ್ಲಿ ಡೈನಮೋ ಹೋಗಿ ಆಲ್ಟರ್ನೇಟರ್ ಬಂತು, ಪಾಸಿಟಿವ್ ಅರ್ತ್ ಹೋಗಿ ನೆಗೆಟಿವ್ ಅರ್ತ್ ಬಂತು. ಸೀಟಿನ ಹಿಂದೆ ಅಡಗಿಸಿಟ್ಟ ಎರಡು ಆರು ವೋಲ್ಟಿನ ಬ್ಯಾಟರಿಗಳು 1974ರವರೆಗೂ ಇದ್ದವು. ಸಿಡ್ ಎನೆವರ್ ಮತ್ತು ಡಾನ್ ಹೇಟರ್ ರೂಪಿಸಿದ ಕಾರಿನ ಮೂಗಿಗೆ ಆ ಕಪ್ಪು ಮುಸುಡಿಯನ್ನು ಅಂಟಿಸಿದ್ದು ಅಮೆರಿಕದ ಬಂಪರ್ ನಿಯಮ. ಹೆಡ್‌ಲೈಟಿನ ಎತ್ತರಕ್ಕೂ ಅಲ್ಲಿ ನಿಯಮವಿತ್ತು; ಮೈಯನ್ನು ಹೊಸದಾಗಿ ರೂಪಿಸಲು ದುಡ್ಡಿಲ್ಲದ, ಆಗ ಎಂಜಿಯ ಒಡೆತನ ಹೊಂದಿದ್ದ ಬ್ರಿಟಿಷ್ ಲೇಲ್ಯಾಂಡ್ ಇಡೀ ಕಾರನ್ನೇ ಸುಮಾರು ಒಂದು ಅಂಗುಲ ಮೇಲೆತ್ತಿತು. ಮೊದಲೇ ಭಾರ ಹೆಚ್ಚಾಗಿತ್ತು, ಈಗ ಎತ್ತರವೂ ಹೆಚ್ಚಾಗಿ, ತಿರುವಿನಲ್ಲಿ ಕಾರು ಹೊಯ್ದಾಡತೊಡಗಿತು. 1976ರ ಮಧ್ಯದಲ್ಲಿ ಹಿಂದೆಯೂ ಮುಂದೆಯೂ ಆಂಟಿ-ರೋಲ್ ಬಾರ್ (ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸರಳು) ಕೊಟ್ಟು ತಪ್ಪನ್ನು ಅರ್ಧ ತಿದ್ದಿಕೊಂಡರು. ತಮ್ಮ ಕಾರು ಆ ತಿದ್ದುಪಡಿಯ ನಂತರದ್ದು.

ಇರಲಿ. ಬಂಪರಿನ ಚರ್ಚೆ ಆಮೇಲೆ ಮಾಡೋಣ. ಬಾಗಿಲ ಕೆಳಗಿನ ಸಿಲ್‌ಗಳನ್ನು ನೋಡಿದ್ದೀರಾ? ಎಂಜಿಬಿಗೆ ಪ್ರತ್ಯೇಕ ಚಾಸಿಯಿಲ್ಲ, ಅಂದರೆ ಕೆಳಗೆ ಬೇರೆ ಚೌಕಟ್ಟಿಲ್ಲ. ರೋಡ್‌ಸ್ಟರಿಗೆ ಮೇಲ್ಛಾವಣಿಯೂ ಇಲ್ಲ. ಹಿಂಭಾಗ ಮುಂಭಾಗಗಳನ್ನು ಹಿಡಿದು ನಿಲ್ಲಿಸಿರುವುದು ಆ ಎರಡು ಪೆಟ್ಟಿಗೆಯಂಥ ಸಿಲ್‌ಗಳೇ. ಅವುಗಳ ಕೆಳಗಿನ ತುದಿಯಲ್ಲಿರುವ ಕ್ಯಾಸಲ್ ರೈಲಿನ ಉದ್ದಕ್ಕೂ ಒಂದು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋಗಿ. ಸದ್ದು ಟಣ್ ಎನ್ನುವ ಬದಲು ದಬ್ ಎಂದಾಗ ತಿಳಿಸಿ.

ಕ್ಯಾಲಿಫೋರ್ನಿಯಾ_ಕುಂದಾಪುರ:

ಪೀಣ್ಯದ ಸರ್ ಹೇಳಿದ ಅಮೆರಿಕದ ನಿಯಮದ ಇನ್ನೊಂದು ಮುಖವನ್ನು ದಿನವೂ ಕಾಣುತ್ತಿರುವವನು ನಾನು. ನನ್ನದು 1978ರ ಕಾರು. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕಿಂತ ಹಿಂದಿನ ಮಾದರಿಯ ಪೆಟ್ರೋಲ್ ಕಾರುಗಳಿಗೆ ಹೊಗೆ ತಪಾಸಣೆಯಿಂದ ವಿನಾಯಿತಿ ಇದೆ. 1976ರಿಂದ ಮುಂದಿನವುಗಳಿಗೆ ಇಲ್ಲ. ತಪಾಸಣೆ ಎಂದರೆ ಹೊಗೆ ಅಳೆಯುವುದಷ್ಟೇ ಅಲ್ಲ, ಕಾರ್ಖಾನೆ ಕೊಟ್ಟ ಏರ್ ಪಂಪು, ಕ್ಯಾಟಲಿಟಿಕ್ ಕನ್ವರ್ಟರ್, ಕೊಳವೆಗಳು ಎಲ್ಲವೂ ಇದ್ದ ಜಾಗದಲ್ಲಿಯೇ ಇವೆಯೇ ಎಂದು ಕಣ್ಣಿನಿಂದ ಪರೀಕ್ಷಿಸುವುದೂ ಅದರಲ್ಲಿ ಸೇರಿದೆ. ಹೀಗಾಗಿ ನನ್ನ ಎಂಜಿನ್ ಕೋಣೆ ಈ ಚರ್ಚೆಯಲ್ಲಿರುವ ಎಲ್ಲರ ಕಾರುಗಳಿಗಿಂತ ಮೂಲಕ್ಕೆ ನಿಷ್ಠವಾಗಿದೆ, ಮತ್ತು ಅದೇ ನಿಷ್ಠೆಯ ಫಲವಾಗಿ ಹೆದ್ದಾರಿಗೆ ಸೇರುವ ದಾರಿಯಲ್ಲಿ ಲಾರಿಗಳು ನನ್ನ ಬೆನ್ನಿಗೆ ಬಂದು ಹಾರ್ನ್ ಮಾಡುತ್ತವೆ. ಅಮೆರಿಕಕ್ಕೆ ಕಳಿಸಿದ ಕೊನೆಯ ವರ್ಷಗಳ ಕಾರುಗಳಿಗೆ ಎರಡು ಎಸ್‌ಯುಗಳ ಬದಲು ಒಂದೇ ಜೆನಿತ್ ಸ್ಟ್ರೋಂಬರ್ಗ್ ಕಾರ್ಬ್ಯುರೇಟರ್ ಕೊಟ್ಟಿದ್ದರು.

ಹಾಸನದವರೇ, ತಮ್ಮದು ಬ್ರಿಟನ್ನಿನ ಕಾರು. ಅದಕ್ಕೆ ಮೂಲದಲ್ಲಿಯೇ ಎರಡು ಎಸ್‌ಯುಗಳಿದ್ದವು. ಆ ಭಾಗ್ಯವನ್ನು ಬಿಟ್ಟು ಒಂದು ವೆಬರ್ ಹಾಕಿಕೊಂಡವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಕ್ಯಾಮ್ ಮತ್ತು ಹೆಡ್ ಬದಲಿಸದೆ ವೆಬರ್ ಒಂದನ್ನೇ ಕೂರಿಸಿದರೆ ಸಿಗುವುದು ಸದ್ದು ಮತ್ತು ಪೆಟ್ರೋಲ್ ಖರ್ಚು.

ಮೌಲ್ಯಮಾಪಕ:

ಹಳೆಯ ವಾಹನಗಳ ವಿಮೆಯ ಮೌಲ್ಯ ನಿರ್ಧರಿಸುವ ಕೆಲಸವನ್ನು ಬ್ರಿಟನ್ನಿನಲ್ಲಿ ಹದಿನಾಲ್ಕು ವರ್ಷಗಳಿಂದ ಮಾಡುತ್ತಿದ್ದೇನೆ. ಕೇವಲ ವ್ಯವಹಾರದ ಮಾತುಗಳನ್ನು ಹೇಳುತ್ತೇನೆ.

ಎಂಜಿಬಿ ಐದು ಲಕ್ಷಕ್ಕೂ ಹೆಚ್ಚು ತಯಾರಾದ ಕಾರು. ಎಂಜಿನ್ನಿನ ಸಂಖ್ಯೆ ದಾಖಲೆಗೆ ಹೊಂದಿಕೆಯಾಗುತ್ತದೆಯೇ ಎಂಬುದು 1973ರ ಪೋರ್ಷೆ ಕರೇರಾ ಆರ್‌ಎಸ್‌ನಂಥ ಕಾರಿನ ಬೆಲೆಯನ್ನು ಮೇಲೆ ಕೆಳಗೆ ಮಾಡುವ ಹಾಗೆ ಇದರ ಬೆಲೆಯನ್ನು ಮಾಡುವುದಿಲ್ಲ. ಕ್ರೋಮ್ ಬಂಪರಿಗೆ ಬದಲಾದ ಕಾರನ್ನು ಮತ್ತೆ ರಬ್ಬರಿಗೆ ತಂದರೆ ಖರ್ಚು ಮಾಡಿದ ಹಣ ಮಾರಾಟದಲ್ಲಿ ಮರಳಿ ಬರುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಕಾನೂನಿನ ವಿಷಯ. ಇಲ್ಲಿ 40 ವರ್ಷ ದಾಟಿದ ಕಾರಿಗೆ ವಾರ್ಷಿಕ ಎಂಒಟಿ ತಪಾಸಣೆಯಿಂದ ವಿನಾಯಿತಿ ಸಿಗಬೇಕಾದರೆ, ಹಿಂದಿನ 30 ವರ್ಷಗಳಲ್ಲಿ ಅದರ ಮುಖ್ಯ ಭಾಗಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ಬಂಪರು ಮುಖ್ಯ ಭಾಗವಲ್ಲ; ಅದಲ್ಲದೆ ತಮ್ಮ ಕಾರಿನ ಕೆಲಸ 1988ರದ್ದು. ಅಂದರೆ ಕಾನೂನಿನ ಕಣ್ಣಿಗೆ ಆ ಮಾರ್ಪಾಡಿಗೂ ವಯಸ್ಸಾಗಿದೆ. ಇನ್ನೊಂದು ಸ್ವಾರಸ್ಯವಿದೆ. ಬಹಳ ಮಾರ್ಪಾಡಾದ ವಾಹನದ ಗುರುತು ಉಳಿಯುತ್ತದೆಯೇ ಎಂದು ತೀರ್ಮಾನಿಸಲು ಇಲ್ಲಿನ ನೋಂದಣಿ ಇಲಾಖೆ ಬಹುಕಾಲ ಬಳಸಿದ ಅಂಕಪದ್ಧತಿಯಲ್ಲಿ ಚಾಸಿಗೆ ಅಥವಾ ಬಾಡಿಶೆಲ್ಲಿಗೆ (ಕಾರಿನ ಇಡೀ ತಗಡಿನ ಮೈಗೆ) 5 ಅಂಕ, ಸಸ್ಪೆನ್ಷನ್, ಆಕ್ಸಲ್, ಗೇರ್‌ಬಾಕ್ಸ್, ಸ್ಟಿಯರಿಂಗುಗಳಿಗೆ ತಲಾ 2 ಅಂಕ. ಎಂಜಿನ್ನಿಗೆ ಒಂದೇ ಒಂದು. ನಾವು ಕಾರಿನ ಹೃದಯ ಎಂದು ಹಾಡಿಹೊಗಳುವ ಎಂಜಿನ್ನಿಗೆ ಸರ್ಕಾರ ಕೊಟ್ಟ ಬೆಲೆ ಅಷ್ಟು.

ಕೊನೆಯದಾಗಿ, ಏನೇ ಬದಲಾಗಿದ್ದರೂ ವಿಮೆಯವರಿಗೆ ಬರೆದು ತಿಳಿಸಿರಿ, ಮತ್ತು ಕಾರಿನ ಬೆಲೆಯನ್ನು ಮೊದಲೇ ಒಪ್ಪಿಕೊಂಡು ಬರೆಯುವ ಒಪ್ಪಿತ ಮೌಲ್ಯದ ಪಾಲಿಸಿಯನ್ನೇ ಕೇಳಿ.

ಯಾದವಗಿರಿ_ಜಾವಾ:

ಮೇಲಿನ ಹಿರಿಯರೆಲ್ಲರೂ ಒಂದೇ ಕಡೆ ವಾಲಿರುವುದರಿಂದ ಎದುರು ಪಕ್ಷವನ್ನು ನಾನು ವಹಿಸಿಕೊಳ್ಳುತ್ತೇನೆ. ನಾನು ಕಾರಿನವನಲ್ಲ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಮೋಟಾರ್‌ಸೈಕಲ್ಲುಗಳನ್ನು ಜೋಪಾನ ಮಾಡುವವನು. 1961ರಿಂದ 1996ರವರೆಗೆ ನಡೆದ ಆ ಕಾರ್ಖಾನೆಯ ಗಾಡಿಗಳಿಗೆ ಏನಾಯಿತು ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಆರು ವೋಲ್ಟ್ ಮಂಕು ಎಂದು ಹನ್ನೆರಡು ವೋಲ್ಟ್ ಮಾಡಿದರು, ಅದನ್ನು ನಾನೂ ಒಪ್ಪುತ್ತೇನೆ. ಆಮೇಲೆ ಹ್ಯಾಂಡಲ್ ಬದಲಾಯಿತು, ಟ್ಯಾಂಕಿನ ಕ್ರೋಮ್ ಕೆರೆದು ಬಣ್ಣ ಬಳಿದರು, ಸೈಲೆನ್ಸರ್ ಕತ್ತರಿಸಿದರು. ಒಬ್ಬೊಬ್ಬ ಮಾಲೀಕನಿಗೂ ತನ್ನದೇ ಸಮರ್ಥನೆಯಿತ್ತು, ಮತ್ತು ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಂದು ಸಮರ್ಥನೆಯೂ ಸರಿಯಾಗಿಯೇ ಇತ್ತು. ಆದರೆ ಇಂದು ಯಾವುದೋ ಒಂದು ವರ್ಷದ ಗಾಡಿಯ ಟೂಲ್‌ಬಾಕ್ಸಿನ ಮುಚ್ಚಳ ಯಾವ ಬಣ್ಣದ್ದಾಗಿತ್ತು ಎಂದು ತಿಳಿಯಲು ಮುಟ್ಟದೆ ಉಳಿದ ಗಾಡಿಯೊಂದನ್ನು ಹುಡುಕಿಕೊಂಡು ಜಿಲ್ಲೆಯಿಂದ ಜಿಲ್ಲೆಗೆ ಅಲೆಯುತ್ತೇವೆ.

ರಬ್ಬರ್ ಬಂಪರು ಕುರೂಪ ಎಂದು ಎಲ್ಲರೂ ಹೇಳುತ್ತೀರಿ. ಇರಬಹುದು. ಆದರೆ ಸುರಕ್ಷತೆಯ ಕಾನೂನು, ಕಾರ್ಖಾನೆಯ ಬಡತನ, ಅಮೆರಿಕದ ಮಾರುಕಟ್ಟೆಯ ಹಂಗು, ಇವು ಮೂರೂ ಸೇರಿ ಒಂದು ಕಾರಿನ ಮುಖವನ್ನು ಹೇಗೆ ತಿದ್ದಿದವು ಎಂಬುದಕ್ಕೆ ಆ ಬಂಪರೇ ಸಾಕ್ಷಿ. ಎಲ್ಲರೂ ಅದನ್ನು ಕಿತ್ತು 1965ರ ಕಾರಿನಂತೆ ವೇಷ ಹಾಕಿಸಿದರೆ 1977 ಎಂಬ ವರ್ಷವೇ ಅಳಿಸಿಹೋಗುತ್ತದೆ.

ನಮ್ಮ ದೇಶದ ನಿಯಮವನ್ನೂ ಗಮನಿಸಿ. 2021ರ ಜುಲೈನಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮದಂತೆ 50 ವರ್ಷ ದಾಟಿದ, ಮೂಲ ಸ್ವರೂಪದಲ್ಲಿರುವ, ಚಾಸಿ, ಬಾಡಿಶೆಲ್ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡಿಲ್ಲದ ವಾಹನಕ್ಕೆ ಮಾತ್ರ ‘ವಿಎ’ ಅಕ್ಷರಗಳ ನೋಂದಣಿ ಸಿಗುತ್ತದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಅದಕ್ಕೂ ಮುಂಚೆ, 2019ರ ಜನವರಿಯಲ್ಲಿ, ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಹಾಸನದವರ ಹಂಬಲ ಸರಿಯಾದದ್ದೇ. ರಬ್ಬರ್ ಬಂಪರು ಮರಳಿ ಬರಲಿ.

ಪೀಣ್ಯ_ಲೇತ್:

ಯಾದವಗಿರಿಯವರ ಸಂಕಟ ನನಗೆ ಅರ್ಥವಾಗುತ್ತದೆ, ಮತ್ತು ಇದುವರೆಗೆ ಯಾರೂ ಕೈಯಿಡದ ಕಾರಾಗಿದ್ದರೆ ಅವರ ಮಾತಿಗೆ ನಾನು ತಲೆದೂಗುತ್ತಿದ್ದೆ. ಆದರೆ ಈ ಕಾರಿನ ಹಿಂದಿನ ಮೂಲೆಗಳ ಮೂಲ ತಗಡು 1988ರಲ್ಲೇ ಗುಜರಿಗೆ ಹೋಗಿದೆ. ಈಗ ರಬ್ಬರ್ ಬಂಪರು ಕೂರಿಸಲು ಇನ್ನೊಮ್ಮೆ ಕತ್ತರಿಸಿ, ಇನ್ನಾವುದೋ ಕಾರಿನ ಅಥವಾ ಹೊಸದಾಗಿ ಅಚ್ಚೊತ್ತಿದ ತಗಡನ್ನು ಬೆಸೆಯಬೇಕು. ಅದು ಮೂಲಕ್ಕೆ ಮರಳುವುದಲ್ಲ, ಎರಡನೆಯ ಮಾರ್ಪಾಡು. ಮೊದಲನೆಯದನ್ನು ಮಾಡಿದವರು ಕಡೇಪಕ್ಷ ತಾವು ಬದಲಿಸುತ್ತಿದ್ದೇವೆಂದು ಬಲ್ಲವರಾಗಿದ್ದರು.

ಇದನ್ನು ಇನ್ನೂ ಎಳೆದು ನೋಡಿ. ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆಯು 1988ರಿಂದ ಮೂಲ ಅಚ್ಚುಗಳನ್ನೇ ಬಳಸಿ ಎಂಜಿಬಿಯ ಪೂರ್ತಿ ಬಾಡಿಶೆಲ್ಲನ್ನು ತಯಾರಿಸಿ ಮಾರುತ್ತಿದೆ. ಒಂದು ತುಕ್ಕು ಹಿಡಿದ ಕಾರಿನಿಂದ ಎಂಜಿನ್, ಆಕ್ಸಲ್, ಮೀಟರುಗಳನ್ನು ಬಿಚ್ಚಿ ಹೊಸ ಶೆಲ್ಲಿಗೆ ಜೋಡಿಸಿ, ಕಾರ್ಖಾನೆಯ ಬಣ್ಣವನ್ನೇ ಬಳಿದು ಸ್ಪರ್ಧೆಗೆ ನಿಲ್ಲಿಸಿದರೆ, ನೋಡಿದವರು ಆಹಾ ಎಷ್ಟು ಒರಿಜಿನಲ್ ಎನ್ನುತ್ತಾರೆ. ಪಕ್ಕದಲ್ಲಿ, ವೆಬರ್ ಮತ್ತು ಬೇರೆ ಚಕ್ರ ಹಾಕಿದ, ಆದರೆ ತಗಡಿನ ಪ್ರತಿ ಅಂಗುಲವೂ ಅಬಿಂಗ್ಡನ್ನಿನಲ್ಲಿ ಜೋಡಣೆಯಾದಾಗ ಇದ್ದದ್ದೇ ಆಗಿರುವ ಕಾರು ನಿಂತಿದ್ದರೆ ಅದನ್ನು ಮಾಡಿಫೈಡ್ ಎಂದು ಬದಿಗೆ ತಳ್ಳುತ್ತಾರೆ. ಯಾವುದು ಹೆಚ್ಚು ಮೂಲ? ವೆಬರನ್ನು ಒಂದು ಭಾನುವಾರ ಮಧ್ಯಾಹ್ನದೊಳಗೆ ಕಳಚಬಹುದು. ಗುಜರಿಗೆ ಹೋದ ಶೆಲ್ಲನ್ನು ಯಾರೂ ತಂದುಕೊಡುವುದಿಲ್ಲ.

ಕೆಲವು ಮಾರ್ಪಾಡುಗಳು ಕಾರ್ಖಾನೆಗೇ ದಾರಿ ತೋರಿಸಿದ್ದುಂಟು. ಕೆನ್ ಕಾಸ್ಟೆಲ್ಲೊ ಎಂಬ ರೇಸ್ ಚಾಲಕ 1970ರ ಆಸುಪಾಸಿನಲ್ಲಿ ಎಂಜಿಬಿಯೊಳಗೆ ರೋವರಿನ ಅಲ್ಯೂಮಿನಿಯಂ ವಿ8 ಎಂಜಿನ್ ಕೂರಿಸಿ ಮಾರತೊಡಗಿದರು. ಬ್ರಿಟಿಷ್ ಲೇಲ್ಯಾಂಡಿನವರು ಅದನ್ನು ತರಿಸಿ ನೋಡಿ, 1973ರಲ್ಲಿ ತಮ್ಮದೇ ಎಂಜಿಬಿ ಜಿಟಿ ವಿ8 ತಂದರು. 1976ರವರೆಗೆ 2,591 ತಯಾರಾದವು. ಇಂದು ಆ ಕಾರ್ಖಾನೆಯ ವಿ8ನ ಒಂದು ನಟ್ಟು ಬದಲಿಸಿದರೂ ಜನ ಗದರಿಸುತ್ತಾರೆ.

ಹಾಸನದವರೇ, ತಟ್ಟಿ ನೋಡಿದಿರಾ?

ಹಾಸನ_ಕೊವೆಂಟ್ರಿ:

ತಟ್ಟಿದೆ ಸರ್. ಎಡಗಡೆ ಟಣ್ ಎನ್ನುತ್ತದೆ. ಬಲಗಡೆ, ಚಾಲಕನ ಬಾಗಿಲ ಕೆಳಗೆ ಮುಂದಿನ ಒಂದೂವರೆ ಅಡಿ ದಬ್ ಎಂದಿತು. ಹೊರಗಿನ ಬಣ್ಣ ಕೆರೆದಾಗ ಕಂಡದ್ದೇನೆಂದರೆ, ಹಳೆಯ ಸಿಲ್ಲಿನ ಮೇಲೆಯೇ ಹೊಸ ತಗಡಿನ ಕವಚವೊಂದನ್ನು ಹೊದಿಸಿ ಅಂಚಿಗೆ ಪುಟ್ಟಿ ಮೆತ್ತಿದ್ದಾರೆ. ಮೇಲೆ ಥಳಕು ಒಳಗೆ ಹುಳುಕು ಎಂಬ ಮಾತನ್ನು ಇಷ್ಟು ಅಕ್ಷರಶಃ ನಾನು ಎಲ್ಲಿಯೂ ಕಂಡಿರಲಿಲ್ಲ. ಕವಚವನ್ನು ಎತ್ತಿದಾಗ ಎರಡು ಹಿಡಿ ತುಕ್ಕಿನ ಪುಡಿ ನೆಲಕ್ಕೆ ಸುರಿಯಿತು. ಈ ಕೆಲಸಕ್ಕೆ ಮಾತ್ರ ಫೈಲಿನಲ್ಲಿ ರಸೀದಿಯಿಲ್ಲ.

ಆದರೆ ಇನ್ನೊಂದನ್ನು ಹೇಳಲೇಬೇಕು. ಸಿಲ್ಲಿನ ಕೆಲಸಕ್ಕೆಂದು ಬಾಗಿಲನ್ನು ಬಿಚ್ಚುವ ಮೊದಲು ಒಳಬದಿಯ ಹೊದಿಕೆ ಹಲಗೆಯನ್ನು ತೆಗೆದೆ. ಅದರ ಹಿಂದೆ, ಯಾರೂ ಕೆಂಪು ಬಳಿಯದೆ ಬಿಟ್ಟ ಅಷ್ಟಗಲದ ಜಾಗದಲ್ಲಿ, ಟಹೀಟಿ ಬ್ಲೂ ಮೊನ್ನೆ ಬಳಿದಂತೆ ಇದೆ. ಅದರ ಮೇಲೆ ಹಳದಿ ಮೇಣದ ಬಳಪದಲ್ಲಿ ಯಾರೋ ಒಂದು ಸರಿ ಗುರುತು ಹಾಕಿ, ಪಕ್ಕದಲ್ಲಿ 7 ಎಂದು ಬರೆದಿದ್ದಾರೆ. ಏಳರ ತಲೆ ಸ್ವಲ್ಪ ಬಾಗಿದೆ. ಇಲ್ಲಿನ ಗ್ಯಾರೇಜಿನವರು ಬಾಗಿಲಿನ ಕೆಳ ಅಂಚಿನಲ್ಲಿ ತುಕ್ಕು ಇರುವುದರಿಂದ ಪೂರ್ತಿ ಹೊಸ ಬಾಗಿಲು ಹಾಕುವುದೇ ಅಗ್ಗ ಎಂದಿದ್ದರು. ನಾನೂ ತಲೆಯಾಡಿಸಿ ಬಂದಿದ್ದೆ. ಮೂಲಕ್ಕೆ ತರುತ್ತೇನೆಂದು ಹೊರಟವನು ಈ ಏಳನ್ನು ಗುಜರಿಗೆ ಹಾಕಲು ಒಪ್ಪಿ ಬಂದಿದ್ದೆ ಎಂಬುದು ಆಗ ತಿಳಿಯಿತು.

ಯಾದವಗಿರಿ_ಜಾವಾ:

ಆ ಬಾಗಿಲನ್ನು ಬದಲಿಸಬೇಡಿ. ಕೆಳ ಅಂಚಿನಲ್ಲಿ ನಾಲ್ಕು ಅಂಗುಲ ತಗಡು ಹೊಸದಾಗಿ ಹಾಕಿಸಿದರೆ ಸಾಕು. ಬಂಪರಿನ ವಿಷಯದಲ್ಲಿ ಪೀಣ್ಯದ ಹಿರಿಯರು ಹೇಳಿದ್ದನ್ನು ಈ ಒಂದು ಕಾರಿನ ಮಟ್ಟಿಗೆ ಒಪ್ಪುತ್ತೇನೆ, ಆದರೆ ನನ್ನ ತಕರಾರನ್ನು ಹಿಂತೆಗೆದುಕೊಳ್ಳುವುದಿಲ್ಲ: ನಾಳೆ ಯಾರಾದರೂ ಮುಟ್ಟದ ರಬ್ಬರ್ ಬಂಪರಿನ ಕಾರನ್ನು ಕತ್ತರಿಸಲು ಹೊರಟರೆ, ಬೇಕಾದರೆ 1988ರಲ್ಲಿ ಕತ್ತರಿಸಿದ್ದನ್ನು ಕೊಳ್ಳಿರಿ, ಇದನ್ನು ಬಿಡಿ ಎಂದೇ ಹೇಳುತ್ತೇನೆ. ಇನ್ನೊಂದು ಬಿನ್ನಹ. ವೆಬರನ್ನು ತೆಗೆದರೂ ಎಸೆಯಬೇಡಿ. ಅದು ಮೂವತ್ತೈದು ವರ್ಷಕ್ಕೂ ಹೆಚ್ಚು ಕಾಲ ಆ ಕಾರನ್ನು ಓಡಿಸಿದೆ. ರಸೀದಿಯ ಜೊತೆ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಇಡಿ.

ಪೀಣ್ಯ_ಲೇತ್:

ಒಪ್ಪಿದೆ. ಈಗ ಕೆಲಸದ ಮಾತು. ಸಿಲ್ಲನ್ನು ಕತ್ತರಿಸುವ ಮುನ್ನ ಬಾಗಿಲಿನ ತೆರಪಿಗೆ ಅಡ್ಡಲಾಗಿ, ಹಿಂಜಿನ ಕಂಬದಿಂದ ಬೀಗದ ಕಂಬಕ್ಕೆ, ಚೌಕ ಕೊಳವೆಯ ಆಧಾರವನ್ನು ಬೋಲ್ಟ್ ಹಾಕಿ ಬಿಗಿಯಲೇಬೇಕು. ಇಲ್ಲದಿದ್ದರೆ ಮೈ ನಡುವೆ ಕುಸಿದು ಬಾಗಿಲಿನ ಮೇಲಿನ ಸಂದು ಮುಚ್ಚಿಕೊಳ್ಳುತ್ತದೆ, ಆಮೇಲೆ ಬ್ರಹ್ಮ ಬಂದರೂ ಆ ಬಾಗಿಲು ಕೂರುವುದಿಲ್ಲ. ಕಾರನ್ನು ಜ್ಯಾಕಿನ ಮೇಲಲ್ಲ, ಅದರ ಚಕ್ರಗಳ ಭಾರದಲ್ಲಿಯೇ ಸಮತಟ್ಟಾಗಿ ನಿಲ್ಲಿಸಿ ಸಂದುಗಳನ್ನು ಅಳೆದು ಬರೆದಿಡಿ. ಹೊರ ಸಿಲ್, ಅದರ ಒಳಗಿನ ನಡುತಗಡು, ಕ್ಯಾಸಲ್ ರೈಲು, ಮೂರನ್ನೂ ಸರಿಯಾಗಿ ಹಾಕಿಸಿ. ಕವಚದ ಮೇಲೆ ಕವಚ ಬೇಡ.

ಆಕ್ಸಲ್ ಕೆಳಗಿನ ಅಲ್ಯೂಮಿನಿಯಂ ತುಂಡುಗಳನ್ನೂ ತೆಗೆಸಿ. ಅಷ್ಟು ತಗ್ಗಿಸಬೇಕಿದ್ದರೆ ಅದಕ್ಕೆಂದೇ ಬಾಗಿಸಿದ ಸ್ಪ್ರಿಂಗುಗಳು ಸಿಗುತ್ತವೆ. ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಇದ್ದರೆ ಅದನ್ನು ಹಾಗೆಯೇ ಬಿಡಿ, ಯಾರಿಗೂ ಕಾಣುವುದಿಲ್ಲ, ಮಳೆಯಲ್ಲಿ ನಡುರಸ್ತೆಯಲ್ಲಿ ಕೈಕೊಡುವುದೂ ಇಲ್ಲ. ಹೆಡ್ಡಿನಲ್ಲಿ ಗಟ್ಟಿಯಾದ ವಾಲ್ವ್ ಸೀಟುಗಳಿವೆಯೇ ಎಂದು ರಸೀದಿಯಲ್ಲಿ ನೋಡಿ. ಸೀಸವಿಲ್ಲದ ಪೆಟ್ರೋಲಿಗೆ ಅವು ಬೇಕು; ಬ್ರಿಟನ್ನಿನಲ್ಲಿ 1999ರ ಕೊನೆಗೆ ಸೀಸದ ಪೆಟ್ರೋಲ್ ನಿಂತಿತು, 2021ರಿಂದ ಹಳೆಯ ರಬ್ಬರನ್ನು ಕೆಡಿಸುವ ಹತ್ತು ಶೇಕಡಾ ಎಥನಾಲಿನದು ಬಂತು. ಹಳೆಯ ರಬ್ಬರಿನ ಇಂಧನ ಕೊಳವೆಗಳಿದ್ದರೆ ಇಂದೇ ಬದಲಿಸಿ. ಬೆಂಕಿ ಹೊತ್ತಿಕೊಂಡ ಕಾರಿನಲ್ಲಿ ಮೂಲ ಕೊಳವೆ ಇತ್ತೆಂದು ಯಾರೂ ಮೆಚ್ಚುವುದಿಲ್ಲ.

ಹಾಸನ_ಕೊವೆಂಟ್ರಿ:

ಏಳು ವಾರಗಳ ನಂತರ ಬರೆಯುತ್ತಿದ್ದೇನೆ. ಕ್ರೋಮ್ ಬಂಪರು ಉಳಿಯಿತು. ಹಳೆಯ ಬಿಡಿಭಾಗಗಳ ಮೇಳವೊಂದರಲ್ಲಿ ಸರಿಯಾದ ಎಚ್‌ಐಎಫ್4 ಎಸ್‌ಯುಗಳ ಜೋಡಿ ಸಿಕ್ಕಿತು. ವೆಬರ್ ಈಗ ಹಳೆಯ ಪಂಚೆಯೊಂದರಲ್ಲಿ ಸುತ್ತಿಕೊಂಡು ಗ್ಯಾರೇಜಿನ ಅಟ್ಟದ ಮೇಲೆ ಮಲಗಿದೆ. ಕೆಂಪು ಬಣ್ಣವನ್ನು ಸದ್ಯಕ್ಕೆ ಮುಟ್ಟುವುದಿಲ್ಲ. ಬಾಗಿಲಿನ ಕೆಳ ಅಂಚಿಗೆ ಮಾತ್ರ ತೇಪೆ ಹಾಕಿಸಿದೆ. ಬೆಸುಗೆಯ ಕಾವು ಬಳಪದ ಗುರುತಿಗೆ ತಾಗದಂತೆ ಅದರ ಕೆಳಗೆ ಒದ್ದೆ ಬಟ್ಟೆ ಒತ್ತಿ ಹಿಡಿದು ಕೂತಿದ್ದವನು ನಾನೇ. ಬೆಸುಗೆಗಾರ ಒಂದು ಮಾತೂ ಆಡಲಿಲ್ಲ, ಆದರೆ ಅವನ ಹುಬ್ಬು ಬಹಳಷ್ಟನ್ನು ಹೇಳಿತು.

ಒಂದು ವಿಷಯದಲ್ಲಿ ಮಾತ್ರ ಮೂಲಕ್ಕೇ ಮರಳಬೇಕೆಂದಿದ್ದೇನೆ. ಆ ವರ್ಷದ ಕಾರುಗಳಿಗೆ ಪಟ್ಟೆ ಪಟ್ಟೆಯ ನೈಲಾನ್ ಬಟ್ಟೆಯ ಸೀಟುಗಳು ಬರುತ್ತಿದ್ದವು. ಸಮುದ್ರ ತೀರದ ಮಡಚು ಕುರ್ಚಿಯನ್ನು ನೆನಪಿಸುತ್ತವೆಂದು ಇಲ್ಲಿನವರು ಅವುಗಳಿಗೆ ಡೆಕ್‌ಚೇರ್ ಎಂದೇ ಹೆಸರಿಟ್ಟಿದ್ದಾರೆ. ಚಿತ್ರ ನೋಡಿದ ಮನೆಯಾಕೆ ಈ ಸಲ ಮೌನವಾಗಿರಲಿಲ್ಲ. ಆ ಬಟ್ಟೆ ಯಾರಲ್ಲಾದರೂ ಇದ್ದರೆ ತಿಳಿಸಿ.

ಕ್ಯಾಲಿಫೋರ್ನಿಯಾ_ಕುಂದಾಪುರ:

ಆ ಬಟ್ಟೆಯ ವಿಷಯದಲ್ಲಿ ನಾನು ಮನೆಯವರ ಪಕ್ಷ. ಬಾಗಿಲಿನ ಸಂದು ಕೊನೆಗೆ ಎಷ್ಟು ಬಂತು?

ಹಾಸನ_ಕೊವೆಂಟ್ರಿ:

ಕತ್ತರಿಸುವ ಮುನ್ನ ಮೇಲೆ 5 ಮಿಲಿಮೀಟರ್, ಕೆಳಗೆ 4 ಇತ್ತು. ಆಧಾರದ ಕೊಳವೆಯನ್ನು ಬಿಚ್ಚಿದ ಮೇಲೆ ಮೇಲೆ 5, ಕೆಳಗೆ ನಾಲ್ಕೂವರೆ. ಬಾಗಿಲು ಒಂದೇ ಸಲಕ್ಕೆ ಮುಚ್ಚಿತು.